ಕುಲ್ಸುಮ್‌ಳ ಉಂಗುರದ ಬೆರಳು

೧೯೮೯ರ ಬೇಸಿಗೆಯಲ್ಲಿ ರಾಯಚೂರಿನ ಹತ್ತಿ ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂತು. ಅದಕ್ಕೆಂದೇ ಒಂದು ಕೋಣೆಗೆ ಸುಣ್ಣ ಹೊಡೆಸಿ, ಪರದೆ ಕಟ್ಟಿಸಿ, ಕೂಲರ್ ಇಟ್ಟರು. ಅಯ್ಯಮ್ಮ ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತಿದ್ದ ಮೂಲೆಯಲ್ಲಿ ಫ್ಯಾನೂ ಇರಲಿಲ್ಲ. ಅದನ್ನು ಆಕೆ ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಮತ್ತೊಂದಿತ್ತು. ಆ ಕೋಣೆಯಲ್ಲಿ ಕೂರುವ ಕೆಲಸಕ್ಕೆ ಹೈದರಾಬಾದಿಗೆ ತರಬೇತಿಗೆ ಕಳಿಸಿದ್ದು ಉಮ್ಮೇ ಕುಲ್ಸುಮ್‌ಳನ್ನು.

“ಅಲ್ಲಿ ಉರ್ದು ಬೇಕಾಗ್ತದ ಅಯ್ಯಮ್ಮ. ಆಕಿ ವಯಸ್ಸೂ ಸಣ್ಣದು, ಲಗೂನ ಕಲಿತಾಳ,” ಅಂದಿದ್ದರು ಕಾರ್ಯದರ್ಶಿ ವೆಂಕೋಬ.

ಮಸರಕಲ್ಲಿನ ತನ್ನ ಕೇರಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹೆಣ್ಣು ಅಯ್ಯಮ್ಮ. ಸಂಜೆ ಹೊತ್ತು ಟೈಪಿಂಗ್ ತರಗತಿಯಲ್ಲಿ ಕಲಿಸುತ್ತಿದ್ದಾಗ ಇದೇ ಕುಲ್ಸುಮ್ ಆಕೆಯ ಎದುರು ಕೂತು ಬೆರಳಿಡಲು ಕಲಿತವಳು. ಈಗ ದೇವದುರ್ಗದ ಶಾಖೆಯವರು ಬಂದರೆ ಅಯ್ಯಮ್ಮನ ಮೇಜು ದಾಟಿ ನೆಟ್ಟಗೆ ತಂಪು ಕೋಣೆಗೆ ನಡೆಯುತ್ತಿದ್ದರು. ಒಳಗಿನಿಂದ ನಗು ಕೇಳಿದರೆ ಸಾಕು, ಅಯ್ಯಮ್ಮ ಗುಂಡಿಗಳನ್ನು ಜೋರಾಗಿ ಕುಟ್ಟುತ್ತಿದ್ದಳು.

ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಬರುತ್ತಿತ್ತು. ಜೂನ್ ತಿಂಗಳಲ್ಲಿ ಹೈದರಾಬಾದಿನಿಂದ ಒಂದು ಫ್ಲಾಪಿ ಬಂತು. ಅದರಲ್ಲಿ ಕಾಗದ ಪತ್ರ ಬರೆಯುವ ಪ್ರೋಗ್ರಾಂಗೆ ಸೇರಿಸಬೇಕಾದ ಎರಡು ಜೋಡಣೆಗಳು: ಒಂದು ಕನ್ನಡ ಅಕ್ಷರ ಮೂಡಿಸಲು, ಇನ್ನೊಂದು ಅದನ್ನು ಅಚ್ಚು ಹಾಕಲು. ಅವುಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಟೈಪ್ ಮಾಡಿಟ್ಟರೆ ಪ್ರೋಗ್ರಾಂ ಶುರುವಾಗುವಾಗ ತಾನೇ ಹುಡುಕಿ ಸೇರಿಸಿಕೊಳ್ಳುತ್ತದೆ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಸೋಮವಾರ ದೇವದುರ್ಗ, ಮಾನ್ವಿ ಶಾಖೆಯವರ ಮುಂದೆ ಬೀಜದ ಸುತ್ತೋಲೆಯನ್ನು ಕನ್ನಡದಲ್ಲಿ ತೆಗೆದು ತೋರಿಸುತ್ತೇವೆಂದು ಕಾರ್ಯದರ್ಶಿ ಊರಿಗೆಲ್ಲ ಹೇಳಿಕೊಂಡು ಬಂದರು.

ಕುಲ್ಸುಮ್ ಪಟ್ಟಿ ಬರೆದಳು. ಪ್ರೋಗ್ರಾಂ ತೆರೆಯಿತು, ಆದರೆ ಎರಡು ಜೋಡಣೆಗಳೂ ಸಿಗಲಿಲ್ಲ ಎಂಬ ಸಾಲು ತೋರಿಸಿ ಸುಮ್ಮನಾಯಿತು. ಆಕೆ ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿದಳು. ಫ್ಲಾಪಿಯಿಂದ ಎಲ್ಲವನ್ನೂ ಹೊಸದಾಗಿ ಇಳಿಸಿದಳು. ಪಟ್ಟಿ ಅಳಿಸಿ ಮತ್ತೆ ಬರೆದಳು. ಮೂರು ದಿನ ಅದೇ ಸಾಲು. ಆ ಮೂರು ದಿನ ಅಯ್ಯಮ್ಮನಿಗೆ ಬುತ್ತಿಯ ರೊಟ್ಟಿ ಹಿಂದೆಂದೂ ಇಲ್ಲದಷ್ಟು ರುಚಿಸಿತು.

ಶನಿವಾರ ಕಾರ್ಯದರ್ಶಿ ಹೈದರಾಬಾದಿನ ಇಂಜಿನಿಯರ್ ಅಬ್ದುಲ್ ವಹೀದ್‌ಗೆ ಟ್ರಂಕ್ ಕಾಲ್ ಮಾಡಿದರು. ಎಂಟು ದಿನ ಬಿಟ್ಟು ಬರುತ್ತೇನೆ, ಅಷ್ಟರೊಳಗೆ ಹೆಸರುಗಳನ್ನು ಇನ್ನೊಮ್ಮೆ ನೋಡಿ ಅಂದನಂತೆ. ಕಾರ್ಯದರ್ಶಿ ಅಯ್ಯಮ್ಮನನ್ನು ಒಳಗೆ ಕರೆದರು.

“ಕಾಗದ ನೀವು ಓದ್ರಿ, ಆಕಿ ಹೊಡೀಲಿ.”

“ಕೆ, ಎ, ಎನ್,” ಓದಿದಳು ಅಯ್ಯಮ್ಮ. “ಆಮ್ಯಾಲ ಅಂಕಿ ಒಂದು.”

ಪರದೆಯಲ್ಲಿ ಒಂದರಂತೆಯೇ ಕಾಣುವ ಗೆರೆ ಮೂಡಿತು. ಆದರೆ ಅಯ್ಯಮ್ಮ ಪರದೆ ನೋಡುತ್ತಿರಲಿಲ್ಲ. ಕಲಿಸಿದವಳ ರೂಢಿಯಂತೆ ಬೆರಳು ನೋಡುತ್ತಿದ್ದಳು. ಅಂಕಿಗಳ ಸಾಲಿಗೆ ಏರಬೇಕಿದ್ದ ಕೈ ಅಲ್ಲೇ ಉಳಿದು, ಬಲಗೈ ಉಂಗುರದ ಬೆರಳು ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನು ಒತ್ತಿತ್ತು. ತರಗತಿಯ ಹಳೆಯ ಮಷಿನ್ನಿನಲ್ಲಿ ಒಂದರ ಗುಂಡಿಯೇ ಇರಲಿಲ್ಲ. ಎಲ್ ಹೊಡೆದರೆ ಕಾಗದದ ಮೇಲೆ ಒಂದರ ಹಾಗೇ ಕಾಣುತ್ತಿತ್ತು. ಓದುವ ಮನುಷ್ಯರಿಗೆ ಅದು ಸಾಕಿತ್ತು, ಈ ಯಂತ್ರಕ್ಕೆ ಸಾಲದು. ಎರಡೂ ಹೆಸರುಗಳ ಕೊನೆಗೆ ಒಂದರ ಅಂಕಿ ಇತ್ತು.

ಅಯ್ಯಮ್ಮ ಓದುವುದನ್ನು ನಿಲ್ಲಿಸಿದಳು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು, ಮುಂದಿನ ಹೆಸರು ಓದಿದಳು. ಮತ್ತೆ ಅದೇ ಸಾಲು ಬಂತು. ಕುಲ್ಸುಮ್‌ಳ ಕಣ್ಣು ತುಂಬಿದವು. ಅಯ್ಯಮ್ಮ ಎದ್ದು ಹೊರಗೆ ಹೋದಳು. ಹೇಳುವುದಾದರೆ ಸೋಮವಾರ, ಎಲ್ಲರ ಎದುರಿಗೆ ಹೇಳಬೇಕು ಅಂದುಕೊಂಡಳು.

ಸೋಮವಾರ ಕೋಣೆ ತುಂಬ ಜನ. ಪ್ರೋಗ್ರಾಂ ಮತ್ತೆ ಕೈಕೊಟ್ಟಿತು. ಕಾರ್ಯದರ್ಶಿ ಬೆವರು ಒರೆಸಿಕೊಳ್ಳುವಾಗ ಅಯ್ಯಮ್ಮ ಬಾಗಿಲಿನಿಂದಲೇ ದನಿ ಏರಿಸಿದಳು.

“ಯಂತ್ರದ್ದೇನೂ ತಪ್ಪಿಲ್ರಿ ಸಾಹೇಬ್ರ. ಒಂದು ಹೊಡೆಯೋದ ಬರವಲ್ದು ಈಕಿಗೆ. ಒಂದರ ಬದ್ಲಿ ಎಲ್ ಹೊಡೆದಾಳ.”

ಕುಲ್ಸುಮ್ ಬೆರಳು ನೋಡಿಕೊಂಡಳು. ಮುಖ ಅರಳಿತು. “ಹೌದ್ರೀ! ತರಗತಿ ಮಷಿನ್‌ನ್ಯಾಗ ನೀವ ಹಂಗ ಕಲಿಸಿದ್ರೆಲ್ಲ ಅಕ್ಕಾರ!”

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಆದರೂ ಮಾನ್ವಿಯವರು ಗೊಳ್ಳೆಂದು ನಕ್ಕರು. ಅಯ್ಯಮ್ಮನ ಕಿವಿ ಬಿಸಿಯಾದವು. ಕುಲ್ಸುಮ್ ಎರಡು ಅಂಕಿ ತಿದ್ದಿದಳು. ಪರದೆಯ ಮೇಲೆ ದುಂಡನೆಯ ಕನ್ನಡ ಮೂಡಿತು, ಪ್ರಿಂಟರ್ ಕರಕರ ಅಂದಿತು. ಜನ ಚಪ್ಪಾಳೆ ತಟ್ಟಿದ್ದು ಕುಲ್ಸುಮ್‌ಗೆ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅಯ್ಯಮ್ಮ ಒಳಗೆ ಬಂದಳು.

“ನನಗ ಶನಿವಾರನ ಗೊತ್ತಾಗಿತ್ತು.”

ಕುಲ್ಸುಮ್ ಕೈಯಲ್ಲಿದ್ದ ಸುತ್ತೋಲೆಯನ್ನು ಮೇಜಿನ ಮೇಲಿಟ್ಟಳು. “ಏನೋ ನೋಡೀರಿ ಅಂತ ಅನಿಸಿತ್ತು ನನಗ. ಓದೋದು ನಿಲ್ಲಿಸಿದ್ರೆಲ್ಲ.”

“ಮತ್ತ ಯಾಕ ಕೇಳಲಿಲ್ಲ?”

“ನೀವ ಹೇಳ್ತೀರಿ ಅಂದ್ಕೊಂಡಿದ್ದೆ. ಎರಡು ದಿನ ಊಟ ಸೇರಲಿಲ್ಲ ನನಗ.”

ಕುಲ್ಸುಮ್ ಮೂಗು ಒರೆಸಿಕೊಂಡು ಎದ್ದು ಯಂತ್ರದ ಮುಂದಿನ ಕುರ್ಚಿ ಸರಿಸಿದಳು. “ಕೂಡ್ರಿ.”

ಕುಲ್ಸುಮ್‌ಳ ವಯಸ್ಸು, ಆ ಉರ್ದು, ಆ ಚಪ್ಪಾಳೆ ಒಂದೊಂದೂ ಇನ್ನೂ ಒಳಗೆ ಚುಚ್ಚುತ್ತಲೇ ಇದ್ದವು. ಆದರೂ ಅಯ್ಯಮ್ಮ ಕೂತಳು.

“ಇದನ್ನ ನಡೆಸೋದು ಮೊದಲಿಂದ ಹೇಳಿಕೊಡು,” ಅಂದಳು. “ಸಾವಕಾಶ ಹೇಳಬೇಕು ನೋಡು.”