ಅಪ್ಪ ಹೇಳಿದ್ದ ಊರು

ಓದಲೆಂದು ಈ ಬಂದರಿನ ಊರಿಗೆ ಬಂದಿಳಿದಾಗ ನನಗೆ ಊರು ಹೊಸದು ಅನ್ನಿಸಲಿಲ್ಲ, ಬಾಯಿಪಾಠವಾಗಿತ್ತು. ಅಪ್ಪ ಸರಕು ಹಡಗಿನಲ್ಲಿ ಅಡುಗೆಯವನು. ರಜೆಗೆ ಮನೆಗೆ ಬಂದಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದದ್ದು ಈ ಊರಿನ ಸುದ್ದಿಯನ್ನೇ. ಎತ್ತರದ ಗಡಿಯಾರ ಗೋಪುರ, ಅದರ ಬುಡದಲ್ಲಿ ಪಾರಿವಾಳ ಮಾರುವ ಸಂತೆ. ಗುಡ್ಡದ ಮೇಲೊಂದು ಹಳದಿ ಕಟ್ಟಡ, ಅಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಹಸಿರು ಗುಮ್ಮಟದ ಹಿಂದೆ ತೋಟ, ಅಲ್ಲಿಯ ಕಲ್ಲುಬೆಂಚಿನ ಮೇಲೆ ಅಪ್ಪನದೇ ಒಂದು ಜಾಗ. ಬಂದರು ನಿರ್ವಹಣೆಯ ಕೋರ್ಸಿಗೆ ಇನ್ನೂ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೂ ಹಿಂದೆಮುಂದೆ ನೋಡದೆ ಈ ಊರನ್ನೇ ಆರಿಸಿಕೊಂಡಿದ್ದೆ.

ನನಗೆ ಸಿಕ್ಕ ಕೋಣೆ ಹಗ್ಗದ ಅಂಗಡಿಯ ಮಾಳಿಗೆಯ ಮೇಲಿತ್ತು. ಕಿಟಕಿ ತೆಗೆದರೆ ಸಮುದ್ರ ಕಾಣುತ್ತದೆ ಎಂದುಕೊಂಡಿದ್ದೆ, ಕಂಡದ್ದು ಪಕ್ಕದ ಕಟ್ಟಡದ ಪೈಪು. ಬೀಗ, ಬಾಗಿಲ ಕೊಂಡಿ, ಮಂಚದ ಸ್ಕ್ರೂ, ಎಲ್ಲಕ್ಕೂ ತುಕ್ಕು. ಡಬ್ಬಿಯಲ್ಲಿದ್ದ ಉಪ್ಪು ನೀರೊಡೆದು ಕಲ್ಲಾಗುತ್ತಿತ್ತು. ಒಣಗಲು ಹಾಕಿದ ಬಟ್ಟೆ ಗಾಳಿಗೆ ಹಾರಿಹೋಗುತ್ತಿತ್ತು, ಹೋಗದೆ ಉಳಿದದ್ದು ಒಣಗುತ್ತಿರಲಿಲ್ಲ. ಕಡಲಹಕ್ಕಿಗಳಂತೂ ಹೊಟ್ಟೆನೋವು ಬಂದ ಕೂಸಿನ ಹಾಗೆ ಬೆಳಗಿನಿಂದ ಅರಚುತ್ತಿದ್ದವು. ಬೀದಿಯ ತುಂಬ ಲಾರಿ, ಡೀಸೆಲ್ಲಿನ ವಾಸನೆ. ಇರಲಿ, ಅಪ್ಪನ ಊರು ಇನ್ನೂ ಆಚೆ ಇದೆ ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ಭಾನುವಾರವೇ ಹುಡುಕಲು ಹೊರಟೆ. ಗಡಿಯಾರ ಗೋಪುರ ಇತ್ತು. ಅದರ ಬುಡದಲ್ಲಿ ಪೊಲೀಸರು ಹಿಡಿದು ತಂದ ಗುಜರಿ ಕಾರುಗಳು ಬಿದ್ದಿದ್ದವು. ಹಳದಿ ಕಟ್ಟಡವೂ ಇತ್ತು, ಅದು ನೀರೆತ್ತುವ ಪಂಪುಮನೆ. ಸಂಗೀತ ಎಲ್ಲಿ ಎಂದು ಕೇಳಿದ್ದಕ್ಕೆ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಗೇಟು ಹಾಕಿಕೊಂಡ. ಹಸಿರು ಗುಮ್ಮಟದ ಹಿಂದೆ ಬರೀ ಗೋದಾಮುಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಬಿಸಿಲಲ್ಲಿ ಅಲೆದು ಕಾಲಲ್ಲಿ ಬೊಬ್ಬೆ ಎದ್ದಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೋಣೆಗೆ ಬಂದವಳೇ ಫೋನ್ ಹಚ್ಚಿದೆ. ಅಪ್ಪ ಆಗ ರಜೆಯಲ್ಲಿ ಮನೆಯಲ್ಲಿದ್ದ. ಅಮ್ಮ, ಅತ್ತೆ, ಚಿಕ್ಕಪ್ಪ ಎಲ್ಲರೂ ಸ್ಪೀಕರಿನ ಸುತ್ತ ಸೇರಿದ್ದರು.

"ಅಪ್ಪಾ, ಎಲ್ಲಿದೆಯಪ್ಪಾ ನಿನ್ನ ಸಂತೆ? ಎಲ್ಲಿದೆ ತೋಟ? ಇಷ್ಟು ವರ್ಷ ಬರೀ ಬುರುಡೆ ಬಿಟ್ಯಾ?"

ಅತ್ತೆ ಬಿದ್ದು ಬಿದ್ದು ನಕ್ಕಳು. "ಹಡಗಿನೋರು ರೈಲು ಬಿಡೋದು ನಾನು ಇದೇ ಮೊದಲು ನೋಡ್ತಿರೋದು ಕಣೇ!"

"ಸುಳ್ಳು ಹೇಳಿದ್ರೂ ನಮ್ಮಣ್ಣ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳ್ತಾನೆ," ಎಂದ ಚಿಕ್ಕಪ್ಪ.

ನನಗೆ ಇನ್ನೂ ಹುರುಪು ಬಂತು. ಕಾವಲಿನವನು ನೋಡಿದ ರೀತಿ, ಗುಜರಿ ಕಾರು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಎಲ್ಲರೂ ನಕ್ಕರು. ಅಪ್ಪ ಮಾತ್ರ, "ಊರು ಬದಲಾಗಿರ್ಬೇಕು ಬಿಡಮ್ಮ," ಎಂದು ಎದ್ದು ಹೋದನಂತೆ. ಅಲ್ಲಿಂದಾಚೆ ಅವನು ನನ್ನೊಂದಿಗೆ ಈ ಊರಿನ ಮಾತೆತ್ತಲಿಲ್ಲ. ಫೋನ್ ಮಾಡಿದರೆ "ಊಟ ಆಯ್ತಾ? ಚಳಿ ಇದ್ಯಾ?" ಅಷ್ಟೇ. ರಜೆ ಮುಗಿಸಿ ಹಡಗಿಗೆ ಹೋದ ಮೇಲೂ ಅಷ್ಟೇ. ಮುನಿಸಿಕೊಂಡಿದ್ದಾನೆ, ಮುನಿಸಿಕೊಳ್ಳಲಿ ಎಂದು ನಾನೂ ಸುಮ್ಮನಾದೆ.

ಆಮೇಲೆ ಒಂದು ದಿನ ಮೇಷ್ಟರು ಕ್ಲಾಸಿನವರನ್ನೆಲ್ಲ ಸರಕು ಕಟ್ಟೆಗೆ ಕರೆದುಕೊಂಡು ಹೋದರು. ಅದು ಊರಿನಿಂದ ಬಹಳ ದೂರ, ಕೊಲ್ಲಿಯ ಆಚೆ ದಡದಲ್ಲಿದೆ. ಒಂದು ಹಡಗಿನ ಮೇಲೆ ಹತ್ತಲು ಬಿಟ್ಟರು. ಹಡಗು ಇಲ್ಲಿ ನಿಲ್ಲುವುದು ಕ್ರೇನು ಪೆಟ್ಟಿಗೆಗಳನ್ನು ಇಳಿಸಿ ಏರಿಸುವಷ್ಟು ಹೊತ್ತು ಮಾತ್ರ, ಅಷ್ಟರಲ್ಲಿ ಕೆಲಸದ ಪಾಳಿ ಮುಗಿದವರು ವ್ಯಾನು ಹತ್ತಿ ಊರು ನೋಡಿಕೊಂಡು ಬರುತ್ತಾರೆ ಎಂದು ಮೇಷ್ಟರು ವಿವರಿಸುತ್ತಿದ್ದರು.

"ಅಡುಗೆಯವರು?" ಎಂದು ಕೇಳಿದೆ.

"ಅವರಿಗೆಲ್ಲಿಯ ಪಾಳಿ? ಹೋಗಿ ಬಂದವರಿಗೆ ಊಟ ಹಾಕೋರು ಯಾರು?" ಎಂದು ಮೇಷ್ಟರು ನಕ್ಕರು.

ಅಡುಗೆಕೋಣೆಯ ಬಾಗಿಲಲ್ಲಿ ಏಪ್ರನ್ ಕಟ್ಟಿದ ಅಡುಗೆಯವನೊಬ್ಬ ಆಲೂಗಡ್ಡೆ ಸಿಪ್ಪೆಯ ಬಕೀಟು ಹಿಡಿದು ಊರಿನ ಕಡೆ ನೋಡುತ್ತಾ ನಿಂತಿದ್ದ. ನಾನೂ ಅತ್ತ ನೋಡಿದೆ. ನೀರಿನಾಚೆ ಊರೆಂದು ಕಾಣುತ್ತಿದ್ದದ್ದು ಮೂರೇ. ಗಡಿಯಾರ ಗೋಪುರದ ಮೇಲ್ಭಾಗ, ಗುಡ್ಡದ ಮೇಲಿನ ಹಳದಿ ಕಟ್ಟಡ, ಹಸಿರು ಗುಮ್ಮಟ. ಗೋಪುರದ ಬುಡ ಕಾಣುತ್ತಿರಲಿಲ್ಲ. ಗುಮ್ಮಟದ ಹಿಂದೆ ಏನಿದೆಯೋ ಅದೂ ಕಾಣುತ್ತಿರಲಿಲ್ಲ.

ಅಪ್ಪ ಈ ಊರಿಗೆ ಕಾಲಿಟ್ಟೇ ಇರಲಿಲ್ಲ. ರಜೆಗೆ ಬಂದವನ ಮೊಣಕೈ ಎಳೆದು "ಅಲ್ಲಿ ಏನೇನಿತ್ತು ಹೇಳು" ಎಂದು ಕಾಡುತ್ತಿದ್ದ ಮಗಳಿಗೆ ಬರಿಗೈ ತೋರಿಸಲಾಗದೆ, ಕಾಣದ ಜಾಗಗಳಲ್ಲೆಲ್ಲ ಸಂತೆ, ಸಂಗೀತ, ತೋಟ ತುಂಬಿದ್ದ. ಅದನ್ನು ಅವನ ತಂಗಿ, ತಮ್ಮ, ಹೆಂಡತಿಯ ಎದುರಿಗೇ ಹರಾಜು ಹಾಕಿದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳಿಲ್ಲ.

ಅವತ್ತೇ ಫೋನ್ ಮಾಡಬೇಕಿತ್ತು. ಮಾಡಿದೆ ಕೂಡ. "ಊಟ ಆಯ್ತಾ?" ಎಂದ. "ಆಯ್ತು" ಎಂದೆ. ಇಂಥದ್ದನ್ನೆಲ್ಲ ಫೋನಿನಲ್ಲಿ ಹೇಳಬಾರದು, ಎದುರಿಗೆ ನಿಂತು ಹೇಳಬೇಕು ಎಂದು ನನಗೆ ನಾನೇ ನೆಪ ಕಟ್ಟಿಕೊಂಡೆ.

ಅಂಥ ದಿನ ಬಂದೂ ಬಂತು. "ಅಪ್ಪನ ಹಡಗು ನಿಮ್ಮೂರಿಗೆ ಬರ್ತಿದೆ ಕಣೇ," ಎಂದು ಅಮ್ಮ ಹೇಳಿದಳು. "ಇದೇ ಕೊನೇ ಸಲ, ಇದಾದ್ಮೇಲೆ ಕೆಲಸ ಬಿಡ್ತಾರೆ. ಅದಕ್ಕೇ ಕ್ಯಾಪ್ಟನ್ನು ಇಡೀ ಹಗಲು ರಜೆ ಕೊಟ್ಟು, ಊರು ನೋಡ್ಕೊಂಡು ಬಾ ಅಂದಿದ್ದಾರಂತೆ."

ನಾನು ಕುಣಿದಾಡಿದೆ. ಅಪ್ಪನಿಗೆ ಏನೂ ಹೇಳಬೇಡ ಎಂದು ಅಮ್ಮನಿಂದ ಭಾಷೆ ತೆಗೆದುಕೊಂಡೆ. ವ್ಯಾನಿನಿಂದ ಇಳಿಯುವಾಗ ಮಗಳು ಎದುರಿಗೆ ನಿಂತಿರಬೇಕು, ಅಲ್ಲೇ ಕೈಹಿಡಿದು ಎಲ್ಲ ಹೇಳಿಬಿಡಬೇಕು, ಆಮೇಲೆ ಇಬ್ಬರೂ ಊರೆಲ್ಲ ತಿರುಗಬೇಕು ಎಂದು ಲೆಕ್ಕ ಹಾಕಿದ್ದೆ. ಅವತ್ತು ಬೆಳಿಗ್ಗೆ ಬೇಗ ಹೋಗಿ ಸರಕು ಕಟ್ಟೆಯ ಗೇಟಿನ ಹತ್ತಿರ ನಿಂತೆ.

ವ್ಯಾನು ಬಂತು. ಗೇಟಿನಲ್ಲಿ ಪಾಸು ತೋರಿಸಲು ಒಬ್ಬೊಬ್ಬರಾಗಿ ಇಳಿದರು. ಅಪ್ಪ ಇರಲಿಲ್ಲ.

ಕೊನೆಗೆ ಇಳಿದವನು ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದವನು, ನಮ್ಮ ಭಾಷೆಯವನೇ. ಅಡುಗೆಯವರ ಮಗಳು ಎಂದು ಹೇಳಿಕೊಂಡೆ. ಅವನು ತಬ್ಬಿಬ್ಬಾದ. "ಅವರು ಬರಲ್ಲ ಅಂದ್ರು ಕಣಮ್ಮ. ತಮ್ಮ ರಜೆ ನನಗೇ ಕೊಟ್ರು. ನೀವು ಬರೋದು ಅವರಿಗೆ ಗೊತ್ತೇ ಇಲ್ವಲ್ಲ!"

ಫೋನ್ ಮಾಡಿದೆ.

"ಅಪ್ಪಾ, ಗೇಟಿನ ಹತ್ರ ಇದ್ದೀನಿ. ಇಳಿದು ಬಾ."

"ಅಯ್ಯೋ, ಬಂದಿದ್ಯಾ?" ಅವನ ದನಿ ಅರಳಿ, ಅಷ್ಟೇ ಬೇಗ ಬಾಡಿತು. "ಈಗ ಹೇಗಮ್ಮ ಬರ್ಲಿ? ಪಾಸು ಅವನಿಗೆ ಕೊಟ್ಟಾಗಿದೆ. ಮಧ್ಯಾಹ್ನದ ಅಡುಗೆ ಒಲೆ ಮೇಲಿದೆ."

"ಯಾಕಪ್ಪಾ ಕೊಟ್ಟೆ?"

ಪಾತ್ರೆ ಕೆಳಗಿಟ್ಟ ಸದ್ದಾಯಿತು. "ನಿನ್ನ ಜೊತೆ ಆ ಬೀದಿಗಳಲ್ಲಿ ಯಾವ ಮುಖ ಇಟ್ಕೊಂಡು ನಡೀಲಿ? ಸುಮ್ನಿರೋಕೆ ನನಗೆ ಬರಲ್ಲ, ಮಾತಾಡಿದ್ರೆ ಇನ್ನೊಂದು ಸುಳ್ಳು ಬಂದ್ಬಿಡುತ್ತೆ." ದನಿ ತಗ್ಗಿಸಿ ಹೇಳಿದ, "ನಾನು ಈ ಊರಲ್ಲಿ ಇಳಿದೇ ಇಲ್ಲ ಮಗಳೇ. ಒಂದು ಸಲವೂ ಇಲ್ಲ."

"ಗೊತ್ತಪ್ಪಾ," ಎಂದೆ. "ನಂಗೆ ಯಾವಾಗ್ಲೋ ಗೊತ್ತಾಯ್ತು. ಕ್ಲಾಸಿನವರ ಜೊತೆ ಹಡಗು ಹತ್ತಿದ್ದೆ. ಅಲ್ಲಿಂದ ನೋಡಿದೆ."

ಹೋಗುವ ಬರುವ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ.

"ಗೊತ್ತಿತ್ತಾ?" ಎಂದ ಅಪ್ಪ. "ಅಷ್ಟು ಹೇಳ್ಬಾರ್ದಿತ್ತಾ ಮಗಳೇ? ಹೇಳಿದ್ರೆ ಬರ್ತಿದ್ನಲ್ಲ."