ಬಸ್ಸಿನ ನೆರಳು

ಬೂದೆಪ್ಪ ಚಾವಿ ಕಿತ್ತು ಕಿಟಕಿಯಿಂದ ಹೊರಗೆ ಹಿಡಿದು ತೋರಿಸಿದ.

"ನೋಡ್ರಿ ಯಕ್ಕಾ, ಗಾಡಿ ಬಂದ್ ಮಾಡೀನಿ. ಇನ್ನೇನ್ ಹೆದರಬ್ಯಾಡ್ರಿ."

ಕೆಳಗೆ ನಿಂತಿದ್ದ ಅಂಬವ್ವ ಹಣೆಗೆ ಕೈ ಅಡ್ಡ ಹಿಡಿದು ಚಾವಿಯನ್ನೂ ಅವನ ಮುಖವನ್ನೂ ನೋಡಿದಳು. ಐವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೊಂದು ಟವೆಲು. ಅವಳ ಹಿಂದೆ, ತೆಲುಗು ಸೀಮೆಯ ಪಟಾನ್‌ಚೆರುವಿನ ಕಾರ್ಖಾನೆಗಳ ಕಡೆ ತಿರುಗುವ ರಸ್ತೆಗೆ ಅಡ್ಡಲಾಗಿ ಗಂಡಸರು ಹೆಂಗಸರು ಕೂತಿದ್ದರು. ಅವಳ ತಂಗಿಯ ಮಗ ಮಲ್ಲು ಔಷಧ ಕಾರ್ಖಾನೆಯೊಂದರಲ್ಲಿ ಆಸಿಡ್ ಸಿಡಿದು ಮೈ ಸುಟ್ಟುಕೊಂಡಿದ್ದ. ಕಂಪನಿಯನ್ನು ಕೇಳಿದರೆ ಅವನು ನಮ್ಮವನಲ್ಲ, ಗುತ್ತಿಗೆದಾರನ ಕಡೆಯವನು ಅಂದಿತು. ಗುತ್ತಿಗೆದಾರನ ಫೋನು ಅವತ್ತಿನಿಂದಲೇ ಬಂದ್. ಇನ್ನು ಬಡವರು ಹೋಗಿ ಕೂರುವುದೆಲ್ಲಿ, ರಸ್ತೆಯ ಮೇಲೇ ತಾನೆ. ಅದೇ ಕಂಪನಿಯ ಆಫೀಸಿನವರನ್ನು ಮೆಹದಿಪಟ್ಟಣಂನಿಂದ ದಿನಾ ತಂದು ಬಿಡುವ ಬಸ್ಸಿಗೆ ಬೂದೆಪ್ಪ ಡ್ರೈವರ್.

ಅಂಬವ್ವ "ಗಾಡಿ ಬಂದ್ ಕರೋ" ಎಂದು ಬಸ್ಸಿನ ಮೈಗೆ ಗುದ್ದುತ್ತಲೇ ಬಂದಿದ್ದಳು. ಆ ಹಿಂದಿ ಕೇಳಿದ್ದೇ ತಡ, ಇದು ನಮ್ಮ ಕಡೆಯ ಬಾಯಿ ಎಂದು ಬೂದೆಪ್ಪನಿಗೆ ಗೊತ್ತಾಗಿ ಹೋಯಿತು. ಸುಮ್ಮನಿರಬಹುದಿತ್ತು. ಕಾರ್ಖಾನೆ ಗೇಟಿನಲ್ಲಿ ತೆಲುಗು, ಬಸ್ಸಿನೊಳಗೆ ಹಿಂದಿ, ಕನ್ನಡವೇನಿದ್ದರೂ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಎಂದು ಬದುಕಿದವನು ಅವನು. ಆದರೆ ನಾಲಿಗೆಯ ಚಪಲ ಯಾರನ್ನು ಬಿಟ್ಟಿದೆ? ಕೇಳಿಯೇ ಬಿಟ್ಟ.

"ಯಾವೂರು ಯಕ್ಕಾ ನಿಮ್ದು?"

"ಸುರಪುರದ ಕಡೆಪಾ. ನಿಂದು?"

"ಶಹಾಪುರ."

"ಹಂಗಾದ್ರ ನಮ್ಮಾಂವ ಅದಿ ಬಿಡು," ಎಂದಳು ಅಂಬವ್ವ. ಅಷ್ಟು ಹೊತ್ತು ಗಂಟಿಕ್ಕಿದ್ದ ಅವಳ ಮುಖ ಸಡಿಲಾಯಿತು. ಬೂದೆಪ್ಪನೂ ಉಬ್ಬಿದ. ಹೊತ್ತೇರಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸೂರ್ಯ ಬಸ್ಸಿನ ಹಿಂದಿದ್ದ. ಬಸ್ಸಿನ ಮುಂದೆ ಚಾಪೆ ಹಾಸಿದ ಹಾಗೆ ನೆರಳು ಬಿದ್ದಿತ್ತು. ಬಿಸಿಲಾಗ ಯಾಕ ಒಣಗ್ತೀರಿ, ಬಸ್ಸಿನ ನೆರಳಿಗೆ ಬಂದು ಕುಂಡರ್ರಿ ಅಂದವನು ಅವನೇ. ನೆರಳಿಗಂತ ಹೋಗಿ ಗಾಲಿಗೆ ಸಿಗಲೇನಪಾ ಎಂದು ಅವಳು ನಕ್ಕಾಗ ಚಾವಿ ಕಿತ್ತು ತೋರಿಸಿದವನೂ ಅವನೇ.

ಅಂಬವ್ವ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ನೆರಳಿಗೆ ಬಂದಳು. ಉಳಿದವರು ಒಂದಿಷ್ಟು ಆಚೆ ಕೂತರು. ಅವಳು ಮಾತ್ರ ಮನೆಯ ಕಟ್ಟೆಗೆ ಒರಗುವ ಹಾಗೆ ಬಸ್ಸಿನ ಬಂಪರಿಗೆ ಬೆನ್ನು ಕೊಟ್ಟು, ಕಾಲು ಒಂದು ಪಕ್ಕಕ್ಕೆ ಮಡಚಿ ಕೂತಳು. ಬೂದೆಪ್ಪನಿಗೆ ಅವಳು ಕಾಣದಾದಳು. ಮಾತು ಮಾತ್ರ ಕೇಳುತ್ತಿತ್ತು. ಯಾರಿಗೋ ಎಲೆ ಅಡಿಕೆ ಕೊಡು ಅನ್ನುತ್ತಿದ್ದಳು.

ಬಸ್ಸಿನೊಳಗೆ ಬೇರೆಯೇ ಕಥೆ. ಆಫೀಸಿನವರು ಗಡಿಯಾರ ನೋಡಿ ಗೊಣಗುತ್ತಿದ್ದರು. ಹಿಂದಿನ ಲಾರಿಯವನು ಹಾರ್ನಿನ ಮೇಲಿಂದ ಕೈ ತೆಗೆಯಲೊಲ್ಲ. ಕಂಪನಿಯ ಬಸ್ಸುಗಳ ಉಸ್ತುವಾರಿ ನೋಡುವ ಯಶವಂತ ಮುಂದಿನ ಸೀಟಿನಲ್ಲೇ ಕೂತಿದ್ದ. ಅವನಿಗೆ ಮೇಲಿನವರಿಂದ ಫೋನ್ ಮೇಲೆ ಫೋನ್. ಕೊನೆಗೊಮ್ಮೆ ಫೋನ್ ಇಟ್ಟವನೇ, ಮೆಲ್ಲಗೆ ಮುಂದೆ ಒತ್ತು, ಗಾಡಿ ಅಲುಗಾಡಿದರೆ ತಾವೇ ಏಳುತ್ತಾರೆ ಎಂದು ಹಿಂದಿಯಲ್ಲಿ ಹೇಳಿದ. ಪೊಲೀಸರು ಬರಲಿ ಸಾರ್ ಎಂದ ಬೂದೆಪ್ಪ. ಕಿಟಕಿಯಲ್ಲಿ ನಡೆದ ಮಾತುಕತೆಯನ್ನೆಲ್ಲ ಯಶವಂತ ಗಮನಿಸಿದ್ದ.

"ತೂ ಭೀ ಉನ್ಹೀ ಕಾ ಆದ್ಮೀ ಹೈ ಕ್ಯಾ ರೇ?" ಎಂದ, ಇಡೀ ಬಸ್ಸಿಗೆ ಕೇಳುವ ಹಾಗೆ. ನೀನೂ ಅವರ ಪೈಕಿಯವನೇನೋ ಎಂದು.

ಹಿಂದಿನಿಂದ ಯಾರೋ ನಕ್ಕರು. ಬೂದೆಪ್ಪನ ಕಿವಿ ಬಿಸಿಯಾಯಿತು. "ನಹೀ ಸಾರ್," ಎಂದ. ಅಲ್ಲ ಎಂದ ಮೇಲೆ ಅಲ್ಲ ಎಂದು ತೋರಿಸಲೂ ಬೇಕಲ್ಲ. ಚಾವಿ ಹಾಕಿ ತಿರುಗಿಸಿದ.

ಎಂಜಿನ್ ಗುರ್ ಅಂದದ್ದೇ ನೆರಳಲ್ಲಿದ್ದ ಹೆಂಗಸರು ಗಡಬಡಿಸಿ ಎದ್ದು ಪಕ್ಕಕ್ಕೆ ಸರಿದರು. "ಏಳಬೇ ಅಂಬವ್ವಾ, ಗಾಡಿ ಚಾಲು ಆತು," ಎಂದು ಒಬ್ಬಳು ಕೂಗಿದಳು. ಕಿಟಕಿ ತೆರೆದೇ ಇತ್ತು. ಗಾಜಿನ ಕೆಳಗಿನಿಂದ ಅಂಬವ್ವನ ದನಿ ಸ್ಪಷ್ಟವಾಗಿ ಬಂತು.

"ಎಲ್ಲಿ ಒಯ್ತಾನಬೇ? ಆಂವ ನಮ್ಮಾಂವ ಅದಾನ. ಸುಮ್ನ ಕುಂಡರ್ರಿ."

ಬೂದೆಪ್ಪ ಕೇಳಿಸಿಕೊಂಡ. ಅವನೇನು ಕಿವುಡನಲ್ಲ. ಕೇಳಿಸಿಕೊಂಡೂ, ಇನ್ನೊಮ್ಮೆ ಜೋರು ಮಾಡಿದರೆ ಎದ್ದಾಳು ಅಂದುಕೊಂಡು ಎಂಜಿನ್ ರೊಯ್ಯೆನಿಸಿದ. ಇಷ್ಟು ಹೊತ್ತಿಗೆ ಎದ್ದಿರಬೇಕು ಅಂದುಕೊಂಡು ಕ್ಲಚ್ ಬಿಟ್ಟ. ಬಸ್ಸು ಒಂದು ಮಾರು ಹೋಗಿತ್ತೋ ಇಲ್ಲವೋ, ಜನ ಎರಡೂ ಕಡೆಯಿಂದ ಬಸ್ಸಿನ ತಗಡು ಬಡಿಯತೊಡಗಿದರು. ಇಳಿದು ನೋಡಿದರೆ ಅಂಬವ್ವ ಬೋರಲು ಬಿದ್ದಿದ್ದಳು. ಎಡಗಾಲಿನ ಕಣಕಾಲು ಮುಂದಿನ ಗಾಲಿಯ ಕೆಳಗಿತ್ತು.

ಜನ ಅವನನ್ನು ನಾಲ್ಕು ಬಡಿದದ್ದು, ಪೊಲೀಸರು ಬಂದು ಬಿಡಿಸಿ ಜೀಪಿಗೆ ಹತ್ತಿಸಿದ್ದು ಅವನಿಗೆ ಅರೆಬರೆ ನೆನಪು. ಠಾಣೆಗೆ ಅವನಿಗಿಂತ ಮೊದಲೇ ಕಂಪನಿಯ ವಕೀಲರು ಬಂದು ಕೂತಿದ್ದರು. ಮೆತ್ತಗೆ ತೆಲುಗು ಮಾತಾಡುವ, ಬೆಳ್ಳಗೆ ಕೂದಲು ನರೆತ ಮನುಷ್ಯ. ಅವನಿಗೆ ನೀರು ಕೊಡಿಸಿ, ಮೂಲೆಗೆ ಕರೆದರು.

"ಒಂದು ಸುಳ್ಳೂ ಹೇಳಬೇಡ," ಎಂದರು. "ಕೇಳಿದ್ದಕ್ಕಷ್ಟೇ ನಿಜ ಹೇಳು, ಸಾಕು. ನಿನ್ನ ಸೀಟಿನಲ್ಲಿ ಕೂತರೆ ಬಂಪರಿಗೆ ಅಂಟಿ ಕೂತವರು ಕಾಣುತ್ತಾರಾ?"

"ಕಾಣಲ್ಲ ಸಾರ್."

"ಎಂಜಿನ್ ಶಬ್ದ ಕೇಳಿ ಬೇರೆಯವರು ಎದ್ದರಾ?"

"ಎದ್ದರು ಸಾರ್."

"ಆ ಹೆಂಗಸಿನ ಬೆನ್ನು ಯಾವ ಕಡೆ ಇತ್ತು?"

"ಬಸ್ಸಿನ ಕಡೆ."

"ಮುಗಿಯಿತಲ್ಲ. ರಸ್ತೆ ಕಟ್ಟಿದ್ದು ಮೊದಲ ತಪ್ಪು. ಚಾಲೂ ಇರುವ ಗಾಡಿಗೆ ಬೆನ್ನು ಹಾಕಿ ಕೂತದ್ದು ಎರಡನೇ ತಪ್ಪು. ಬುದ್ಧಿ ಇದ್ದವರು ಯಾರಾದರೂ ಹಾಗೆ ಕೂರುತ್ತಾರಾ?"

ವಕೀಲರು ಉತ್ತರಕ್ಕೆ ಕಾಯಲಿಲ್ಲ. ಅವಳು ಯಾಕೆ ಹಾಗೆ ಕೂತಳು ಎಂಬುದನ್ನು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಮಾತ್ರ ಅಷ್ಟು ಸುಲಭದ ಗಿರಾಕಿಯಲ್ಲ. ಹೇಳಿಕೆ ಬರೆಸಿಕೊಂಡು, ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದ.

"ಅಡ್ಡ ಕೂತದ್ದು ಅವರ ಮೇಲಿನ ಕೇಸು. ಕೂತಿದ್ದಾರೆ ಅಂತ ಗೊತ್ತಿದ್ದೂ ಗಾಡಿ ಬಿಟ್ಟಿದ್ದರೆ ಅದು ನಿನ್ನ ಮೇಲಿನ ಕೇಸು, ಅದೂ ದೊಡ್ಡದು. ನಿನಗೆ ಗೊತ್ತಿತ್ತಾ?"

"ಇಲ್ಲ ಸಾರ್."

"ಅವಳೂ ಕರ್ನಾಟಕದವಳಂತೆ. ಪರಿಚಯ ಏನಾದರೂ? ಮಾತಾಡಿದ್ದೆಯಾ?"

"ಯಾರೋ ಏನೋ, ನನಗೆ ಗೊತ್ತಿಲ್ಲ ಸಾರ್," ಎಂದ ಬೂದೆಪ್ಪ, ಊರಿನ ವಾಸನೆಯೂ ಹೊಡೆಯದ ಶುದ್ಧ ತೆಲುಗಿನಲ್ಲಿ. ಇಷ್ಟು ಚೆನ್ನಾಗಿ ತೆಲುಗು ಬರುತ್ತದೆ ಎಂದು ಅವನಿಗೂ ಅವತ್ತೇ ಗೊತ್ತಾದದ್ದು. ಲೈಸನ್ಸ್ ಇಟ್ಟುಕೊಂಡು, ಕರೆದಾಗ ಬರಬೇಕೆಂದು ನೋಟೀಸು ಕೊಟ್ಟು ಅವನನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಹೆಂಡತಿ ಸುಮಂಗಲಾ ಅವನ ಬೆನ್ನಿನ ಬಾವುಗಳಿಗೆ ಅರಿಶಿನ ಹಚ್ಚಿದಳು. ಠಾಣೆಯಲ್ಲಿ ಹೇಳಿದ್ದನ್ನೇ ಅವನು ಅವಳಿಗೂ ಹೇಳಿದ. "ಬೆನ್ನ ಮಾಡಿ ಕುಂತ್ರ ನೀವರ ಏನ್ ಮಾಡ್ತೀರಿ, ಗಾಜಿನ ಕೆಳಗ ಕಣ್ಣ ಇರ್ತಾವೇನು," ಎಂದು ಅವಳು ಸಮಾಧಾನ ಮಾಡಿದಳು. ಹೆಂಡತಿ ನಂಬಿದಳೆಂದು ಖುಷಿಪಡಬೇಕಾದವನು ಗೋಡೆ ಕಡೆ ಹೊರಳಿದ. ಬಡಿಸಿಕೊಂಡ ಪೆಟ್ಟು ಇನ್ನೂ ಎರಡು ಜಾಸ್ತಿ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ವಕೀಲರ ಫೋನು ಬಂತು. ದನಿಯಲ್ಲಿ ಗೆಲುವಿತ್ತು. "ಆ ಹೆಂಗಸು ಗಾಡಿ ಓಡಿಸಿದ್ದು ನೀನಲ್ಲ, ಬೇರೆ ಯಾರೋ ಅಂತ ಹೇಳುತ್ತಿದ್ದಾಳಂತೆ. ಇವತ್ತು ಮಧ್ಯಾಹ್ನ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ. ಬಸ್ಸು ತುಂಬ ಜನ ನಿನ್ನನ್ನು ನೋಡಿದ್ದಾರೆ. ಡ್ರೈವರ್ ಯಾರೆಂದೇ ತಿಳಿಯದವಳ ಮಾತನ್ನು ಯಾವ ಕೋರ್ಟು ನಂಬುತ್ತದೆ? ನೀನು ಬಚಾವು. ಆ ಕಡೆ ತಲೆ ಹಾಕಬೇಡ, ಅಷ್ಟೇ."

ತಲೆ ಹಾಕಬೇಡ ಅಂದದ್ದನ್ನು ಅವನು ಕೇಳುತ್ತಿದ್ದನೋ ಏನೋ. ಆದರೆ ಸುಮಂಗಲಾ ಆಗಲೇ ರವೆಯ ಗಂಜಿ ಕಾಸಿ ಡಬ್ಬಿಗೆ ಹಾಕಿದ್ದಳು. "ಬ್ಯಾರೆ ದೇಶದಾಗ ನಮ್ಮ ಕಡೀ ಹೆಣಮಗಳು ಕಾಲು ಮುರ್ಕೊಂಡು ಬಿದ್ದಾಳ. ತಪ್ಪು ಯಾರದರೆ ಇರವಲ್ದ್ಯಾಕ, ಒಮ್ಮಿ ಮಾರಿ ತೋರ್ಸಿ ಬರೂಣು ನಡೀರಿ," ಎಂದಳು. ಯಾವ ಮಾರಿ ತೋರಿಸಲಿ ಎಂದು ಅವನು ಹೇಳಲಾರದೆ ಚಪ್ಪಲಿ ಮೆಟ್ಟಿದ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಅಂಬವ್ವ ಬಾಗಿಲ ಹತ್ತಿರದ ಮಂಚದಲ್ಲೇ ಇದ್ದಳು. ಎಡಗಾಲಿಗೆ ಮೊಣಕಾಲಿನವರೆಗೆ ಪಟ್ಟಿ. ಮಗಳು ಶೈಲಾ ತಟ್ಟೆ ತೊಳೆಯಲು ಹೊರಟಿದ್ದಳು. ಬೂದೆಪ್ಪ ಹೆಂಡತಿಯ ಹಿಂದೆ ಅರ್ಧ ಮರೆಯಾಗಿ ನಿಂತ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ. ಒಂದು ರೀತಿಯಲ್ಲಿ ಬೈಗುಳ ಬೇಕಾಗಿಯೂ ಇತ್ತು.

"ಬಾರಪಾ ತಮ್ಮಾ," ಎಂದಳು ಅಂಬವ್ವ. "ಶೈಲಾ, ನಾ ಹೇಳಿದ್ನಲ್ಲ ಶಹಾಪುರದ ತಮ್ಮ, ಇಂವನ ನೋಡು."

ಶೈಲಾ ಅವನನ್ನು ನೋಡಿ ತಲೆಯಾಡಿಸಿ ತಟ್ಟೆ ಹಿಡಿದು ಹೊರಗೆ ಹೋದಳು. ಸುಮಂಗಲಾ ಡಬ್ಬಿಯ ಮುಚ್ಚಳ ತೆಗೆದಳು. ಮಲಗಿಕೊಂಡೇ ಗಂಜಿ ಕುಡಿಯುವುದಾಗದು, ಎದ್ದು ಕೂರಬೇಕು ಎಂದಳು ಅಂಬವ್ವ. "ಬೆನ್ನಿಗೆ ಕೈ ಕೊಡಪಾ, ಏಳ್ತೀನಿ."

ಬೂದೆಪ್ಪ ಮಂಚದ ತಲೆಯ ಕಡೆ ಹೋಗಿ ಎರಡೂ ಅಂಗೈ ಅವಳ ಬೆನ್ನಿಗೆ ಕೊಟ್ಟು ಎತ್ತಿದ. ಸುಮಂಗಲಾ ಕಂಬಳಿ ಸುತ್ತಿ ದಿಂಬು ಮಾಡುವವರೆಗೆ ಅವಳು ಅವನ ಕೈಗೇ ಒರಗಿ ಕೂತಳು. ಒಂದಿಷ್ಟೂ ಅಳುಕಿಲ್ಲದೆ, ಮೈಯ ಭಾರವನ್ನೆಲ್ಲ ಬಿಟ್ಟು ಕೂತಳು. ಅವಳ ಬೆನ್ನು ಜ್ವರಕ್ಕೆ ಬೆಚ್ಚಗಿತ್ತು.

"ಪೊಲೀಸ್ರಿಗೂ ಅದನ್ನಽ ಹೇಳೀನಿ," ಎಂದಳು, ಅವನ ಮುಖ ಕಾಣದಿದ್ದರೂ ಅವನಿಗೇ. "ಆ ಹುಡುಗ ಚಾವಿ ಕಿತ್ತು ನನಗ ತೋರ್ಸ್ಯಾನ, ಆಂವ ಒಯ್ದಿಲ್ಲ. ಆಂವ ಎಲ್ಲೆರ ಇಳದ ಹೋಗಿರಬೇಕು, ಬ್ಯಾರೆ ಯಾವನೋ ಭಾಡ್ಯಾ ಹತ್ತಿ ಒಯ್ದಾನ ಅಂತ. ಅವರು ನಗತಾರ. ನಗವಲ್ರ್ಯಾಕ, ಮಧ್ಯಾಹ್ನ ಬರ್ತಾರಲ್ಲ, ಹೆಬ್ಬಟ್ಟು ಒತ್ತಿ ಹೇಳ್ತೀನಿ. ನೀ ಕುಂತಿದ್ರ ಹಿಂಗ ಆಗ್ತಿತ್ತೇನಪಾ?"

ಸುಮಂಗಲಾ ಕಂಬಳಿ ಮಡಚುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು. ಚಾವಿಯ ಮಾತು ಅವಳಿಗೆ ಹೊಸದು.

ಬೂದೆಪ್ಪ ಸುಮ್ಮನಿದ್ದರೆ ಸಾಕಿತ್ತು, ಮಧ್ಯಾಹ್ನದ ಹೊತ್ತಿಗೆ ಅವಳೇ ತನ್ನ ಮಾತನ್ನು ಸುಳ್ಳು ಮಾಡಿಕೊಂಡು, ಕೇಸನ್ನೆಲ್ಲ ತನ್ನ ಮುರಿದ ಕಾಲಿನ ಮೇಲೆ ಹೇರಿಕೊಂಡು ಅವನನ್ನು ಬಿಡುಗಡೆ ಮಾಡುವವಳಿದ್ದಳು. ಎದುರಿಗಿದ್ದಿದ್ದರೆ ಅವಳ ಕಣ್ಣು ನೋಡಿ ಬಾಯಿ ಕಟ್ಟುತ್ತಿತ್ತೇನೋ. ಅವಳ ಬೆನ್ನಿಗೆ, ಅವಳ ಬಾಚದ ತಲೆಗೆ ಹೇಳಿದ.

"ಯಕ್ಕಾ. ನಾನಽ ಒಯ್ದೆ."

"ಏನಂದಿ?"

"ಇಳದಿರ್ಲಿಲ್ಲ. ನಾನಽ ಕುಂತಿದ್ದೆ. ನೀವು ಕುಂತದ್ದು ಗೊತ್ತಿತ್ತು. ನಮ್ಮಾಂವ ಅದಾನ ಅಂದ್ರಲ್ಲ, ಅದೂ ಕೇಳ್ಸಿತ್ತು. ಮಧ್ಯಾಹ್ನ ಅವರು ಬಂದ್ರ ಹಿಂಗಽ ಹೇಳ್ರಿ. ನಾನೂ ಇಲ್ಲೇ ಇರ್ತೀನಿ."

ಅಂಬವ್ವ ಹಿಂತಿರುಗಿ ನೋಡಲಿಲ್ಲ. ಬೈಯಲೂ ಇಲ್ಲ. ಸುಮಂಗಲಾ ಕಂಬಳಿಯನ್ನು ಎದೆಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಆಮೇಲೆ ಅಂಬವ್ವ ಒಂದು ಕೈ ಚಾಚಿ ಮಂಚದ ಕಬ್ಬಿಣದ ಸರಳು ಹಿಡಿದಳು, ಇನ್ನೊಂದನ್ನು ಹಾಸಿಗೆಗೆ ಊರಿದಳು. ಕಾಲಿನ ನೋವಿಗೆ ಹಲ್ಲು ಕಚ್ಚಿ ಅಷ್ಟಷ್ಟೇ ಮುಂದಕ್ಕೆ ಬಗ್ಗಿದಳು. ಅವನ ಅಂಗೈ ಮೇಲಿನ ಭಾರ ಮೊದಲು ಹಗುರಾಯಿತು, ಆಮೇಲೆ ಇಲ್ಲವಾಯಿತು. ಅವಳು ಯಾರಿಗೂ ಒರಗದೆ, ನಡುಗುತ್ತ, ನೆಟ್ಟಗೆ ಕೂತಳು. ಬೂದೆಪ್ಪನ ಎರಡು ಕೈಗಳು ಅವಳ ಬೆನ್ನಿನ ಹಿಂದೆ, ಚಾಚಿದ್ದಲ್ಲೇ ಇದ್ದವು.