ಮೊದಲ ಗುದ್ದಲಿ

"ಇನ್ನಷ್ಟು ಅಗಿ, ಎಮ್ಮೆಲ್ಲೆ ಸಾಹೇಬರ ಕೈ ನೋಯಬಾರದು. ನೀರು ಹಾಕಿ ಮೆತ್ತಗ ಮಾಡು. ಆಮ್ಯಾಲೆ ಆ ಕಡಿ ಹೋಗಿ ಕೂಡು. ಪೂಜಿ ಟೈಮಿನಾಗ ರಂಡಿಮುಂಡಿ ಮಾರಿ ಕಾಣಬಾರದು," ಎಂದ ಕೂಲಿಗಳ ಮುಕಾದಮ ಬಸವಲಿಂಗ.

ಯಂಕವ್ವ ಹಲ್ಲು ಕಚ್ಚಿ ಅಗೆದಳು. ಅಗೆಯುವಾಗ ಇಲ್ಲದ ಅಪಶಕುನ ಪೂಜೆಗೆ ಎಲ್ಲಿಂದ ಬಂತೋ! ಅವಳನ್ನು ಮುಂಡೆ ಮಾಡಿದ್ದೇ ಇಲ್ಲಿ ಕಟ್ಟಲಿರುವ ಈ ಬಿಲ್ಡರ್. ಧನಕವಡಿಯ ಇವನ ಕಟ್ಟಡದಲ್ಲಿ ಕೊಳೆತ ಸಾರುವೆ ಮುರಿದು ಗಂಡ ಧರ್ಮಣ್ಣ ಬಿದ್ದು ಸತ್ತ. ಕುಡಿದು ಬಿದ್ದನೆಂದು ಪೊಲೀಸರಿಂದ ಬರೆಸಿದರು. ಹೆಂಡ ಮೂಸಿಯೂ ನೋಡದ ಮನುಷ್ಯ! ಹೊಟ್ಟೆಪಾಡಿಗೆ ಈಗ ಕಾತ್ರಜದ ಈ ಜಾಗದಲ್ಲೂ ಇವನ ಕೆಲಸಕ್ಕೇ ಬರಬೇಕು.

ಗಂಡ ಸತ್ತಾಗ ಗುಡಿಸಲಿಗೆ ಬಂದವನು ಕಾರ್ಮಿಕರ ವಕೀಲ ದಿಗಂಬರ. ನೆಲದ ಮೇಲೆ ಕೂತು ಅವಳ ಜೋಳದ ರೊಟ್ಟಿ ತಿಂದ, ಬಿಲ್ಡರನ ಮೇಲೆ ಕೇಸು ಹಾಕಿದ. ಚುನಾವಣೆಗೆ ನಿಂತಾಗ ದುಡಿಯಲು ಗಡಿ ದಾಟಿ ಬಂದ ಕೂಲಿಯವರೆಲ್ಲ ಕೆಲಸ ಬಿಟ್ಟು ಅವನ ಬಾವುಟ ಹೊತ್ತರು. ಗೆದ್ದ, ಶಾಸಕನಾದ, ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಬೇರೆ ವಕೀಲರೋ, ಮೊದಲಿನವರು ಬಿಟ್ಟೆನೆಂದು ಸಹಿ ಹಾಕದೆ ನಾವು ಮುಟ್ಟುವುದಿಲ್ಲ ಎನ್ನುತ್ತಾರೆ. ಆ ಸಹಿಗಾಗಿ ಅಲೆದು ಅಲೆದು ಅವಳಿಗೆ ಸಾಕಾಗಿಹೋಗಿತ್ತು. ನಾಳೆ ತಾರೀಖು. ನಾಳೆಯೂ ಯಾರೂ ನಿಲ್ಲದಿದ್ದರೆ ಕೇಸು ಖಲಾಸ್, ಧರ್ಮಣ್ಣ ಕುಡುಕನಾಗಿಯೇ ಉಳಿಯುತ್ತಾನೆ.

ಈಗ ಅದೇ ದಿಗಂಬರ ಬಿಲ್ಡರನ ಕಾರಿನಿಂದಲೇ ಇಳಿದ. ಹಾರ ಹಾಕಿ, ಬಣ್ಣದ ಕಾಗದ ಸುತ್ತಿದ ಗುದ್ದಲಿ ಕೈಗೆ ಕೊಟ್ಟರು. ಯಂಕವ್ವ ಜನರ ನಡುವೆ ನುಗ್ಗಿ ಸಹಿಯ ಕಾಗದ ಚಾಚಿದಳು.

"ವಕೀಲ್ರ, ಕೇಸ್ ನಡಸ್ರಿ. ಇಲ್ಲಾ ಸಹಿ ಮಾಡಿ ಬಿಟ್ಟಬಿಡ್ರಿ."

"ಆಫೀಸಿಗೆ ಬಾ ಯಂಕವ್ವಾ," ಎಂದ ದಿಗಂಬರ, ಕ್ಯಾಮೆರಾದ ಕಡೆ ನಗುತ್ತ.

"ಅಲ್ಲಿ ನಿಮ್ಮ ಮಂದಿ ಒಳಗ ಬಿಡೂದಿಲ್ರಿ."

ಅವನು ದನಿ ತಗ್ಗಿಸಿದ. "ನಿಮಗ ಇಲ್ಲಿ ಓಟ್ ಸುದ್ದಾ ಇಲ್ಲ. ನಿಮ್ಮೂರ ಎಮ್ಮೆಲ್ಲೆ ಕಡಿ ಹೋಗು."

ಯಂಕವ್ವನ ಮೈ ಉರಿದುಹೋಯಿತು. ಇಷ್ಟು ದಿನದ ಮರ್ಯಾದೆ ಅಲ್ಲಿಗೆ ಮುಗಿಯಿತು.

"ಬಾವುಟ ಹೊರಸೂ ಮುಂದ ಓಟ್ ಐತೇನಂತ ಕೇಳಿದ್ದೇನಲೇ, ಭಾಡ್ಯಾ?"

ಬಸವಲಿಂಗ ಅವಳ ರಟ್ಟೆ ಹಿಡಿದು ಎಳೆದ. ಕೊಸರಿಕೊಂಡವಳೇ, ಅರಿಶಿನ ಕುಂಕುಮ ಚೆಲ್ಲಿದ ಹಸಿ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಭಟ್ಟರ ಮಂತ್ರ ನಿಂತಿತು. ಮುಹೂರ್ತ ಮೀರುತ್ತದೆಂದು ಬಿಲ್ಡರ್ ಗಡಿಯಾರ ತೋರಿಸಿದ. ದಿಗಂಬರ ಗುದ್ದಲಿ ಹಿಡಿದೇ ನಿಂತಿದ್ದ.

ಯಂಕವ್ವ ಸೆರಗು ಸರಿಸಿ ತಲೆ ಬಾಗಿಸಿದಳು.

"ಸಹಿ ಮಾಡು. ಇಲ್ಲಾ, ಹೊಡಿ."